ಪಾಚಿ ಸಾರು ಉಂಡು ಓಡಿದ್ದು

ಯಾವ ಕಾಲು ನೋಯುತ್ತಿದೆ ಎಂದು ನೋಡಿದವರಿಗೆ ಗೊತ್ತಾಗದ ಹಾಗೆ ನಡೆಯುವುದನ್ನು ತಾಕ್ ಮಾನ್‌ಹೋ ಈಚೆಗೆ ಕಲಿತಿದ್ದ. ಎರಡೂ ಕಾಲನ್ನು ಒಂದೇ ಸಮ ಕುಂಟಿಸಿದರೆ ಅದು ಕುಂಟು ಅನ್ನಿಸಿಕೊಳ್ಳುವುದಿಲ್ಲ, ಗತ್ತು ಅನ್ನಿಸಿಕೊಳ್ಳುತ್ತದೆ. ಆ ಗತ್ತಿನಲ್ಲೇ ಬೆಳಿಗ್ಗೆ ಎದ್ದು ಅಡುಗೆಮನೆಗೆ ಬಂದವನಿಗೆ, ಒಲೆಯ ಮೇಲಿದ್ದ ಪಾತ್ರೆಯ ಮುಚ್ಚಳ ಎತ್ತುವ ಮೊದಲೇ ಒಳಗೇನಿದೆ ಎಂದು ಮೂಗು ಹೇಳಿತು. ಎಳ್ಳೆಣ್ಣೆಯಲ್ಲಿ ಬಾಡಿಸಿದ ಕಡಲಪಾಚಿ, ಜೊತೆಗೆ ನಂಗು ಮೀನು. ಅವನ ಹುಟ್ಟುಹಬ್ಬದ ಸಾರು. ಮುಚ್ಚಳ ಎತ್ತಲು ಹೋದರೆ ಅದರ ಮೇಲೆ ಅವ್ವ ಕಿಮ್ಚಿ ಉಪ್ಪಿನಕಾಯಿ ಅದುಮುವ ಗುಂಡುಕಲ್ಲು ಹೇರಿಟ್ಟಿದ್ದಳು. ಗೋರಿಯ ಮೇಲೆ ಕಲ್ಲಿಟ್ಟ ಹಾಗೆ. ಒಳಗಿನದು ಎದ್ದು ಬರಬಾರದು, ಹೊರಗಿನವನು ಬಾಯಿ ಹಾಕಬಾರದು.

ಹುಟ್ಟಿದ ದಿನ ಪಾಚಿ ಸಾರು ಉಣ್ಣದವನು ಹುಟ್ಟಿದ್ದೇ ಲೆಕ್ಕಕ್ಕಿಲ್ಲ ಅನ್ನುವುದು ಅವರ ಊರು ಬಾಮ್‌ಪೋದ ಒಂದು ನಂಬಿಕೆ. ಪರೀಕ್ಷೆಯ ದಿನ, ಪಂದ್ಯದ ದಿನ ಪಾಚಿ ಸಾರು ಉಂಡವನು ಜಾರಿ ಬೀಳುತ್ತಾನೆ ಅನ್ನುವುದು ಇನ್ನೊಂದು ನಂಬಿಕೆ. ಎರಡೂ ಒಂದೇ ದಿನ ಬಂದರೆ ಏನು ಮಾಡಬೇಕು ಎಂದು ಹಿರಿಯರು ಹೇಳಿಟ್ಟು ಹೋಗಿಲ್ಲ. ಹಿರಿಯರು ಯಾವತ್ತೂ ಹಾಗೆಯೇ, ಬೇಕಾದ ಜಾಗದಲ್ಲಿ ಬಾಯಿ ಮುಚ್ಚಿಕೊಂಡಿರುತ್ತಾರೆ. ಮಾನ್‌ಹೋ ಹುಟ್ಟಿದ್ದು ಚಾಂದ್ರಮಾನದ ಮೂರನೇ ತಿಂಗಳು, ಕಲ್ಲುಬಂಡೆಗಳ ಮೇಲೆ ಹೆಂಗಸರು ಪಾಚಿ ಕೊಯ್ಯುವ ಕಾಲದಲ್ಲಿ. ಚಂದ್ರನನ್ನು ನಂಬಿದ ಹುಟ್ಟುಹಬ್ಬ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಕಡೆ ನಿಲ್ಲುವುದಿಲ್ಲ, ಮೇಯಲು ಬಿಟ್ಟ ಮೇಕೆಯ ಹಾಗೆ ಅಲ್ಲಿಷ್ಟು ಇಲ್ಲಿಷ್ಟು ಅಡ್ಡಾಡುತ್ತದೆ. ಈ ವರ್ಷ ಅದು ಅಡ್ಡಾಡಿ ಅಡ್ಡಾಡಿ ಸರಿಯಾಗಿ ತಾಲೂಕಿನ ಕಡಲದಂಡೆ ಓಟದ ದಿನವೇ ಬಂದು ಕೂತಿತ್ತು. ಹಿಂದೆಯೂ ಒಂದು ಸಲ ಹೀಗೆ ಕೂತಿತ್ತು. ಆ ಸಲವನ್ನು ನೆನೆಯಬಾರದು ಎಂದುಕೊಂಡೇ ಅವನು ಎದ್ದಿದ್ದ. ನೆನೆಯಬಾರದು ಎಂದುಕೊಂಡು ಎದ್ದವನಿಗೆ ಬೇರೆ ಏನು ತಾನೇ ನೆನಪಾಗುತ್ತದೆ.

ಅವ್ವ ಅಂಗಳದಲ್ಲಿದ್ದಳು. ಅಂಗಳವೆಂದರೆ ಮನೆಯ ಮುಂದೆ ಕಡಲದಂಡೆಯ ರಸ್ತೆಗೇ ಅಂಟಿಕೊಂಡ ಬಯಲು. ಅದರ ತುಂಬ ಜಾಲರಿ ಚೌಕಟ್ಟುಗಳು, ಅವುಗಳ ಮೇಲೆ ಒದ್ದೆ ಪಾಚಿ. ಅದರಿಂದ ಸೋರಿದ ನೀರು ರಸ್ತೆಗೆ ಹರಿದು ಅಲ್ಲೊಂದು ಕಪ್ಪು ಪಟ್ಟೆ ಬಳಿದಿತ್ತು. ಎಂಬತ್ತು ದಾಟಿದ ಅವ್ವ ನೆರೆಮನೆಯ ಜೊಮ್ನ್ಯೆಯ ಜೊತೆ ಗುಲಾಬಿ ಬಣ್ಣದ ರಬ್ಬರ್ ಕೈಗವಸು ಹಾಕಿಕೊಂಡು ಎಳೆ ಎಳೆ ಬಿಡಿಸಿ ಹರಡುತ್ತಿದ್ದಳು. ಅವಳಿಗೆ ಒಂದು ಹೆಸರಿತ್ತು. ಅದನ್ನು ಬಳಸುವವರು ಒಬ್ಬೊಬ್ಬರಾಗಿ ತೀರಿಹೋಗಿ ಈಗ ಊರಿಗೆಲ್ಲ ಅವಳು ಮಾನ್‌ಹೋನ ಅವ್ವ.

"ಅವ್ವ, ಪಾತ್ರೆ ಮೇಲೆ ಗುಂಡುಕಲ್ಲು ಯಾಕೆ?"

"ಈ ಮನೇಲಿ ಒಂದು ದೊಡ್ಡ ಬೆಕ್ಕಿದೆ. ಅರವತ್ತು ದಾಟಿರೋದು. ಓಟ ಮುಗಿಯೋವರೆಗೆ ಅದು ಬಾಯಿ ಹಾಕ್ಬಾರ್ದು ಅಂತ."

ಜೊಮ್ನ್ಯೆ ಕಿಸಕ್ಕನೆ ನಕ್ಕಳು. "ಬೆಕ್ಕಾದ್ರೆ ಕಲ್ಲು ಸಾಕು ಕಣಕ್ಕ. ಇದು ಹುಲಿ. ಬೋರ್ಡಿನ ಮೇಲೆ ಹೆಸರಿರೋ ಹುಲಿ."

ಬೋರ್ಡು ನಿಜ. ಹಿಂದಿನ ವರ್ಷ ತಾಲೂಕು ಅಧ್ಯಕ್ಷ ಮೆಂಗ್ ಈ ರಸ್ತೆಗೆ 'ತಾಕ್ ಮಾನ್‌ಹೋ ರಸ್ತೆ' ಎಂದು ಹೆಸರಿಡಿಸಿದ್ದ. ಅಲ್ಲಿಯವರೆಗೆ ಮನೆಯೊಳಗಿದ್ದ ಹೆಸರು ಹಾಗೆ ಬೀದಿಗೆ ಬಂತು. ಈ ರಸ್ತೆಯಲ್ಲಿ ನಾಯಿ ಲಾರಿಗೆ ಸಿಕ್ಕಿದರೂ ಈಗ ಜನ ಹೇಳುವುದು, ಮಾನ್‌ಹೋ ಮೇಲೆ ನಾಯಿ ಸತ್ತಿದೆ ಅಂತ.

"ಅವ್ವ, ಇವತ್ತು ನಾನು ಈ ದಾರೀಲೇ ಓಡಿ ಬರ್ತೀನಿ. ನೀನು ಅಂಗಳದ ಮುಂದೆ ಸುಮ್ನೆ ನಿಂತ್ಕೋ ಸಾಕು."

"ನಿಂತ್ಕೊಳ್ಳೋಕೆ ನಂಗೇನು ಹುಚ್ಚಾ? ಪಂದ್ಯದ ದಿನ ನಾನು ಆಚೆ ಬಂದಿದೀನಾ ಯಾವತ್ತಾದ್ರೂ?"

"ಇದು ಪಂದ್ಯ ಅಲ್ಲವ್ವ. ಅಧ್ಯಕ್ಷನ ಫೋಟೋ."

"ಎದೆ ಮೇಲೆ ನಂಬರು ಹಾಕ್ತಾರೋ ಇಲ್ವೋ?"

"ಹಾಕ್ತಾರೆ."

"ಹಂಗಾದ್ರೆ ಪಂದ್ಯಾನೇ. ಇದಿಷ್ಟು ಹರಡಿ ಕೈ ತೊಳ್ಕೊಂಡು ಒಳಗೆ ಹೋಗ್ತೀನಿ."

"ನಾನು ಓಡೋದನ್ನ ನೀನು ಒಂದ್ಸಲಾನೂ ನೋಡಿಲ್ಲ."

"ಯಾರ್ ಹೇಳಿದ್ದು?" ಅವ್ವ ಪಾಚಿಯ ಎಳೆಯನ್ನು ಝಾಡಿಸಿದಳು. "ಪೊರಕೆ ಹಿಡ್ಕೊಂಡು ನಿನ್ನ ಹಿಂದೆ ಓಡ್ತಿದ್ದೋಳು ನಾನಲ್ದೆ ಇನ್ಯಾರು? ನಿನ್ನ ಓಟ ಎಲ್ಲರಿಗಿಂತ ಮೊದ್ಲು ನೋಡಿದೋಳೇ ನಾನು."

"ಕೋಚು ಅಂದ್ರೆ ನೀನೇ ಬಿಡಕ್ಕ," ಎಂದಳು ಜೊಮ್ನ್ಯೆ. "ಪದಕ ಪೊರಕೆಗೆ ಹಾಕ್ಬೇಕಿತ್ತು."

ಇಬ್ಬರೂ ನಕ್ಕರು. ಅವನೂ ನಕ್ಕ. ನಗುವಾಗ ಮಂಡಿ ಒಂದು ಸಲ ಕಟಕ್ಕೆಂದಿತು. ಮುಂದಿನ ವಾರ ನಗರದ ಆಸ್ಪತ್ರೆಯಲ್ಲಿ ಅದನ್ನು ತೆಗೆದು ಬೇರೆ ಮಂಡಿ ಕೂರಿಸುತ್ತಾರೆ. ಎಕ್ಸ್-ರೇ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದ ಹುಡುಗು ಡಾಕ್ಟರು, "ಮೊದ್ಲು ಏನು ಕೆಲಸ ಮಾಡ್ತಿದ್ರಿ? ಮೂಟೆ ಹೊರೋದಾ?" ಎಂದು ಕೇಳಿದ್ದ. "ಓಡ್ತಿದ್ದೆ." "ಯಾಕೆ?" ಎಂದು ಡಾಕ್ಟರು ಕೇಳಿದಾಗ ಮಾನ್‌ಹೋ ಮಡಚಿದ್ದ ಪ್ಯಾಂಟನ್ನು ಮಂಡಿಯ ಮೇಲೆ ಇಳಿಸಿಕೊಂಡ. ಒಂದು ಕಾಲದಲ್ಲಿ ಅವನು ಊಟಕ್ಕೆ ಕೂತ ಹೋಟೆಲಿನಲ್ಲಿ ಪಕ್ಕದ ಮೇಜಿನವರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಈಗ ಯಾಕೆ ಎಂದು ಕೇಳುವ ತಲೆಮಾರು ಬಂದಿದೆ, ಅದೂ ಬಿಳಿ ಕೋಟು ಹಾಕಿಕೊಂಡು. "ಹೊಸ ಮಂಡೀಲಿ ನಡೀಬಹುದು, ಬೆಟ್ಟ ಹತ್ಬಹುದು. ಓಡೋ ಹಾಗಿಲ್ಲ," ಎಂದಿದ್ದ ಡಾಕ್ಟರು, ಅಂಗಡಿಯವನು ಗ್ಯಾರಂಟಿ ಕಾರ್ಡು ಓದುವ ಹಾಗೆ. ಜೀವನವಿಡೀ ಕಾಲಿಗೆ ಬುದ್ಧಿ ಹೇಳಿದವನು ಮಾನ್‌ಹೋ. ಈಗ ಕಾಲು ಅವನಿಗೆ ಬುದ್ಧಿ ಹೇಳುತ್ತಿತ್ತು. ಸಣ್ಣ ರಿಪೇರಿ ಎಂದು ಅವ್ವನಿಗೆ ಹೇಳಿದ್ದ. ಓಡೋ ಹಾಗಿಲ್ಲ ಅನ್ನುವುದನ್ನು ಮಾತ್ರ ಹೇಳಿರಲಿಲ್ಲ. ಇವತ್ತು ಅವ್ವ ನೋಡದಿದ್ದರೆ ಇನ್ನು ನೋಡಲು ಏನೂ ಉಳಿದಿರುವುದಿಲ್ಲ ಅನ್ನುವುದು ಅವನೊಬ್ಬನಿಗೇ ಗೊತ್ತಿದ್ದ ಮಾತು.

ಕೈಗವಸಿನಿಂದ ಅವ್ವ ಪಾಚಿಯ ಲೋಳೆ ಹಿಂಡುತ್ತಿದ್ದಳು. ಆ ಕೈ. ಆ ಸಲ ರಾಜಧಾನಿಯ ಒಂದು ಅಗ್ಗದ ವಸತಿಗೃಹದ ಬಾಗಿಲಲ್ಲಿ ಆ ಕೈಗೆ ಗವಸಿರಲಿಲ್ಲ, ಅದರಲ್ಲೊಂದು ಬಟ್ಟೆಗಂಟಿತ್ತು. ಗಂಟಿನೊಳಗೆ ಕಂಬಳಿ, ಕಂಬಳಿಯೊಳಗೆ ಪಾತ್ರೆ, ಪಾತ್ರೆಯೊಳಗೆ ಇದೇ ಸಾರು. ಬೆಟ್ಟಸಾಲು ದಾಟಿ ಬಸ್ಸು ಬದಲಿಸಿ ಬಸ್ಸು ಬದಲಿಸಿ ಬಂದಿದ್ದಳು, ಮಗನ ಹುಟ್ಟುಹಬ್ಬ ಎಂದು. ಅವತ್ತು ದೇಶದ ತಂಡಕ್ಕೆ ಓಟಗಾರರನ್ನು ಆರಿಸುವ ಮ್ಯಾರಥಾನ್. ಒಳಗೆ ತಂಡದ ಹುಡುಗರು ಕೋಚ್ ಬೋಂಗ್‌ನ ಸುತ್ತ ಕೂತು ಅಂಟಕ್ಕಿಯ ಕಡುಬು ನುಂಗುತ್ತಿದ್ದರು. ಕೋಚ್ ಬೋಂಗ್‌ಗೆ ದೇವರಲ್ಲಿ ನಂಬಿಕೆ ಇರಲಿಲ್ಲ, ವಿಜ್ಞಾನದಲ್ಲಿ ಇನ್ನೂ ಕಡಿಮೆ. ಅವನು ನಂಬುತ್ತಿದ್ದದ್ದು ಅಂಟನ್ನು. ಅಂಟುವುದನ್ನು ತಿಂದವನು ಗೆಲುವಿಗೆ ಅಂಟಿಕೊಳ್ಳುತ್ತಾನೆ, ಜಾರುವುದನ್ನು ತಿಂದವನು ಜಾರುತ್ತಾನೆ. ಪಂದ್ಯದ ದಿನ ತಲೆಗೆ ಸ್ನಾನ ಮಾಡುವ ಹಾಗಿಲ್ಲ, ಉಗುರು ಕತ್ತರಿಸುವ ಹಾಗಿಲ್ಲ, ನೂಡಲ್ಸ್ ಸೊರ್ರನೆ ಎಳೆಯುವ ಹಾಗಿಲ್ಲ. ಅಂಥ ಮನುಷ್ಯನ ಬಾಗಿಲಿಗೆ ಒಂದು ಪಾತ್ರೆ ಪಾಚಿ ಸಾರು. ತಂಡದವನೊಬ್ಬ ಮೂಗೆತ್ತಿ, "ಯಾರಪ್ಪ ಅದು, ಸಮುದ್ರಾನ ಮೆಟ್ಟಿಲು ಹತ್ತಿಸಿದೋರು?" ಎಂದ. ಎಲ್ಲರೂ ನಕ್ಕರು. ಕೋಚ್ ಬೋಂಗ್ ನಗಲಿಲ್ಲ, ಮಾನ್‌ಹೋನ ಮುಖ ನೋಡಿದ. ಮಾನ್‌ಹೋ ಎದ್ದು ಬಾಗಿಲಿಗೆ ಹೋದ. "ಹೋಗವ್ವ. ಮೈಯೆಲ್ಲ ಪಾಚಿ ನಿಂದು. ನಿನ್ನ ನೋಡಿದ್ರೇನೇ ಕಾಲು ಜಾರತ್ತೆ." ಒಳಗಿನವರಿಗೆ ಕೇಳಲಿ ಎಂದೇ ಸ್ವಲ್ಪ ಗಟ್ಟಿಯಾಗಿ ಹೇಳಿದ್ದ. ಅವ್ವ ಬೈಯಲಿಲ್ಲ, ಅಳಲಿಲ್ಲ. ಬಿಸಿ ಕೈಯಲ್ಲಿ ಕೂಸನ್ನು ಮುಟ್ಟಿಬಿಟ್ಟವಳ ಹಾಗೆ ಸರಕ್ಕನೆ ಹಿಂದೆ ಸರಿದು, ತನ್ನ ಅಂಗೈಯನ್ನು ತಾನೇ ಮೂಸಿನೋಡಿಕೊಂಡು, "ಹೌದಲ್ಲ, ನಂಗೆ ಹೊಳೀಲೇ ಇಲ್ಲ," ಎಂದು ಮೆಟ್ಟಿಲಿಳಿದಳು. ಬೈದಿದ್ದರೆ ಇಷ್ಟು ದಿನಕ್ಕೆ ಮರೆಯಬಹುದಿತ್ತು. ಆ 'ಹೌದಲ್ಲ' ಮಾತ್ರ ಹಲ್ಲಿನ ಸಂದಿಗೆ ಸಿಕ್ಕ ಮೀನಿನ ಮುಳ್ಳಿನ ಹಾಗೆ ಇಲ್ಲಿಯವರೆಗೂ ಉಳಿದಿತ್ತು.

ಅವತ್ತು ಸೋತಿದ್ದರೆ ಎಲ್ಲ ಸರಿಹೋಗುತ್ತಿತ್ತು. ಅವನು ಗೆದ್ದ. ಹೆಸರು ಕೇಳಿರದ ಮೀನುಗಾರರ ಊರಿನ ಹುಡುಗ, ದೊಡ್ಡ ದೊಡ್ಡ ಕಂಪನಿಗಳ ತಂಡದವರನ್ನೆಲ್ಲ ಹಿಂದೆ ಹಾಕಿ ಒಬ್ಬನೇ ಕ್ರೀಡಾಂಗಣದೊಳಕ್ಕೆ ಬಂದಾಗ ಮೇಲೆ ಕೂತಿದ್ದವರು ಇವನಾರು, ನೀರು ಕೊಡುವ ಹುಡುಗನೋ ಎಂದು ನೋಡಿದರಂತೆ. ಪಾಚಿಯನ್ನು ದೂರವಿಟ್ಟದ್ದರಿಂದ ಗೆದ್ದ ಎಂದು ಬಾಮ್‌ಪೋ ತೀರ್ಮಾನಿಸಿತು. ಬಾಮ್‌ಪೋದಲ್ಲಿ ಸರ್ಕಾರದ ಯಾವ ಕಾನೂನೂ ನೆಟ್ಟಗೆ ಜಾರಿಯಾದದ್ದಿಲ್ಲ. ಜಾರಬಾರದು ಅನ್ನುವ ಈ ಕಾನೂನು ಮಾತ್ರ ಗೆಲುವಿನಿಂದ ಗೆಲುವಿಗೆ ಬಿಗಿಯಾಗಿ ಜಾರಿಯಾಯಿತು. ಆಮೇಲೆ ಅವನು ಎಲ್ಲೆಲ್ಲಿ ಓಡಿದನೋ ಅಷ್ಟೂ ದಿನ ಅವ್ವ ಪಾಚಿ ಮುಟ್ಟಲಿಲ್ಲ, ಅಂಗಳಕ್ಕೆ ಬರಲಿಲ್ಲ, ಒಳಮನೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಳು. ಊರೆಲ್ಲ ಅಂಗಡಿಯ ಟೀವಿಯ ಮುಂದೆ ಕುಣಿಯುತ್ತಿದ್ದರೆ ಇವಳಿಗೆ ಸುದ್ದಿ ಮುಟ್ಟುತ್ತಿದ್ದದ್ದು ಜೊಮ್ನ್ಯೆ ಗೋಡೆಯಾಚೆಯಿಂದ ಕೂಗಿದಾಗ. ಮಾರನೇ ದಿನ ಟೀವಿಯಲ್ಲಿ ಅದೇ ಓಟವನ್ನು ಮತ್ತೆ ತೋರಿಸಿದರೂ ನೋಡುತ್ತಿರಲಿಲ್ಲ. "ಗೆದ್ದಾಗಿದೆಯಲ್ಲಕ್ಕ, ಈಗೇನು ಭಯ?" ಎಂದರೆ, "ಹಳೇ ಓಟದಲ್ಲಿ ಜಾರಲ್ಲ ಅಂತ ಏನು ಗ್ಯಾರಂಟಿ? ನಾನು ನೋಡಿದ್ರೆ ಜಾರಿದ್ರೂ ಜಾರಿದ್ನೇ," ಎನ್ನುವಳು. ಅವಳು ಮಾಡುತ್ತಿದ್ದದ್ದು ಒಂದೇ ಕೆಲಸ. ಪಂದ್ಯದ ಮುಂಜಾನೆ, ಕೈಯನ್ನು ಬೂದಿ ಹಾಕಿ ತಿಕ್ಕಿ ತೊಳೆದು, ಊರ ಬಸ್‌ಸ್ಟಾಪಿನ ಕಂಬಕ್ಕೆ ಒಂದು ಮುದ್ದೆ ಅಂಟುಮಿಠಾಯಿ ಮೆತ್ತಿ ಬರುವುದು. ಪರೀಕ್ಷೆಯ ದಿನ ತಾಯಂದಿರು ಮಕ್ಕಳು ಪಾಸಿಗೆ ಅಂಟಿಕೊಳ್ಳಲಿ ಎಂದು ಶಾಲೆಯ ಗೇಟಿಗೆ ಮೆತ್ತುವುದಿಲ್ಲವೇ, ಹಾಗೆ. ಮಗನ ಗೇಟು ಎಲ್ಲೋ ದೂರದಲ್ಲಿರುತ್ತಿತ್ತು, ಅವಳಿಗೆ ಸಿಕ್ಕುತ್ತಿದ್ದದ್ದು ಬಸ್ಸಿನ ಕಂಬ. ಆ ಕಂಬಕ್ಕೆ ಬಾಮ್‌ಪೋದ ಇರುವೆಗಳು ಮುತ್ತಿದರೆ ಮಾನ್‌ಹೋ ಎಲ್ಲೋ ಓಡುತ್ತಿದ್ದಾನೆ ಎಂದು ಬಸ್ಸಿನ ಕಂಡಕ್ಟರಿಗೂ ತಿಳಿಯುತ್ತಿತ್ತು.

ರಸ್ತೆಯಲ್ಲಿ ಕಾರಿನ ಹಾರನ್ನು. ಅವನನ್ನು ಕರೆದೊಯ್ಯಲು ತಾಲೂಕು ಕಚೇರಿಯಿಂದ ಬೊರಾಮ್ ಬಂದಿದ್ದಳು. ಕ್ರೀಡಾ ವಿಭಾಗದ ಗುಮಾಸ್ತೆ, ಇದೇ ಊರಿನ ಸೊಸೆಯೊಬ್ಬಳ ಮಗಳು, ಅವನನ್ನು ಮರ್ಯಾದೆಗೆ ಮೇಷ್ಟ್ರೇ ಎನ್ನುವವಳು. ಬಾಮ್‌ಪೋದಲ್ಲಿ ಅವಳ ಅಡ್ಡಹೆಸರು ಜಾರುಕೂಸು. ಮಾನ್‌ಹೋ ಹೊರದೇಶದ ದೊಡ್ಡ ಓಟದಲ್ಲಿ ಮುಂದಿದ್ದವನು ನೀರಿನ ಮೇಜಿನ ಹತ್ತಿರ ಒದ್ದೆ ಸ್ಪಂಜಿನ ಮೇಲೆ ಕಾಲಿಟ್ಟು ಉರುಳಿ, ಎದ್ದು, ಮೊಣಕೈಯಿಂದ ರಕ್ತ ಸುರಿಸುತ್ತ ನಾಲ್ಕನೆಯವನಾಗಿ ಮುಗಿಸಿದ ದಿನ, ಊರಿನಲ್ಲಿ ಯಾರು ಪಾಚಿ ಸಾರು ಉಂಡರು ಎಂದು ಮನೆಮನೆಯ ಒಲೆ ತಪಾಸಣೆ ಆಗಿತ್ತು. ಸಿಕ್ಕಿಬಿದ್ದವಳು ಅವತ್ತೇ ಹೆತ್ತ ಬೊರಾಮಳ ತಾಯಿ. ಬಾಣಂತಿ ಪಾಚಿ ಸಾರು ಉಣ್ಣದೆ ಇನ್ನೇನು ಉಣ್ಣಬೇಕು? ಊರು ಒಪ್ಪಿತು, ಆದರೆ ಕೂಸಿನ ಮುಖವನ್ನು ಬಹಳ ದಿನ ಓರೆಗಣ್ಣಲ್ಲೇ ನೋಡಿತು. ದೇಶದ ಪದಕವನ್ನು ತೊಟ್ಟಿಲಲ್ಲಿ ಮಲಗಿಯೇ ಕಳೆದವಳು ಎಂದು.

"ಮೇಷ್ಟ್ರೇ, ಹೊರಡೋಣ್ವಾ? ಅಧ್ಯಕ್ಷರು ಶೂ ಹಾಕ್ಕೊಂಡು ಕೂತಿದಾರೆ. ಬಿಳೀ ಶೂ. ಇನ್ನೂ ಬೆಲೆ ಚೀಟಿ ಕಿತ್ತಿಲ್ಲ, ನಾನು ಹೇಳೋಕೂ ಹೋಗಿಲ್ಲ." ಅವಳು ಕಾರಿಗೆ ಒರಗಿಕೊಂಡು ಕಾರ್ಯಕ್ರಮ ವಿವರಿಸಿದಳು. "ನೀವು ಅವರ ಪಕ್ಕದಲ್ಲಿ ಓಡ್ಬೇಕು. ಬ್ಯಾನರ್ ದಾಟೋವರೆಗೆ ಸಾಕು. ಅಲ್ಲಿ ವ್ಯಾನು ನಿಂತಿರತ್ತೆ, ಇಬ್ರೂ ಹತ್ಕೊಳ್ಳಿ. ಕೊನೇಲಿ ಇಳಿದು ಮತ್ತೆ ಒಂದಿಷ್ಟು ಓಡಿದ್ರೆ ಆಯ್ತು."

ಓಟಕ್ಕೆ ಒಂದು ಕೊಂಬು ಬಂದರೆ ಓಟು. ಚುನಾವಣೆ ಹತ್ತಿರ ಬಂದಾಗ ಅಧ್ಯಕ್ಷರಿಗೂ ಹಾಗೆಯೇ ಕೊಂಬು ಬರುತ್ತದೆ. ಮಾನ್‌ಹೋಗೆ ಅದರ ಬಗ್ಗೆ ಸಿಟ್ಟೇನೂ ಇರಲಿಲ್ಲ. ಆದರೆ ವ್ಯಾನು ಎಂಬ ಮಾತು ಮಾತ್ರ ಅವನಿಗೆ ಸೇರಲಿಲ್ಲ. ಮ್ಯಾರಥಾನ್ ಓಡಿದವನಿಗೆ ವ್ಯಾನು ಎಂದರೆ ಒಂದೇ: ಆಗದೆ ಕೂತವರನ್ನು ಹಿಂದಿನಿಂದ ಆರಿಸಿಕೊಂಡು ಬರುವ ಗಾಡಿ. ಅವನು ಬಿದ್ದ ದಿನವೂ ಅದನ್ನು ಹತ್ತಿರಲಿಲ್ಲ. ಅವನು ತಿರುಗಿ ಅಡುಗೆಮನೆಗೆ ಹೋದ. ಹೋಗುವಾಗ ಎರಡೂ ಕಾಲು ಕುಂಟಿಸಲು ಮರೆತ. ಗುಂಡುಕಲ್ಲನ್ನು ಎತ್ತಿ ಕೆಳಗಿಟ್ಟ. ಒಂದು ಬಟ್ಟಲು ಸಾರು, ಅದರೊಳಗೆ ಒಂದು ಮುದ್ದೆ ಅನ್ನ. ಬಟ್ಟಲನ್ನು ಹಿಡಿದು ಅಂಗಳಕ್ಕೆ ಬಂದು, ಅವ್ವ ಕೂತಿದ್ದ ಜಗಲಿಯ ಮೇಲೆ, ಅವಳ ಎದುರಿಗೇ ಕೂತ.

ಮೊದಲು ಕಿರುಚಿದವಳು ಬೊರಾಮ್. "ಮೇಷ್ಟ್ರೇ, ಅದು ಪಾಚಿ ಸಾರು. ಏನಾದ್ರೂ ಆದ್ರೆ ಮತ್ತೆ ನನ್ನ ತಲೆಗೇ ಕಟ್ತಾರೆ."

"ಇಡೋ ಕೆಳಗೆ," ಎಂದಳು ಅವ್ವ. ದನಿ ಸಣ್ಣದಾಗಿತ್ತು.

ಅವನು ಚಮಚೆ ತುಂಬಿಕೊಂಡ. ಬಾಯಿಗೆ ಬಂದದ್ದು ರುಚಿಯಲ್ಲ, ವಾಸನೆ. ಆ ವಸತಿಗೃಹದ ಮೆಟ್ಟಿಲ ಕೆಳಗೆ ಇಳಿದುಹೋದ ವಾಸನೆ. ಎಷ್ಟೋ ಹುಟ್ಟುಹಬ್ಬಗಳಲ್ಲಿ ಇದನ್ನೇ ಉಂಡಿದ್ದ, ಆದರೆ ಎಲ್ಲವೂ ಪಂದ್ಯವಿಲ್ಲದ ದಿನಗಳು, ಶಿಕ್ಷೆ ಮುಗಿದ ಮೇಲಿನ ಊಟದ ಹಾಗೆ. ಪಾಚಿ ನಾಲಿಗೆಯಿಂದ ಗಂಟಲಿಗೆ ತಾನಾಗಿಯೇ ಜಾರಿತು. ಜಾರುವುದು ಇಷ್ಟು ಸುಖದ ಸಂಗತಿ ಎಂದು ಕೋಚ್ ಬೋಂಗ್‌ಗೆ ಯಾರೂ ಹೇಳಿರಲಿಲ್ಲವೇನೋ.

"ಅವ್ವ, ಆವತ್ತು ರಾಜಧಾನೀಲಿ..."

"ಆವತ್ತಿಂದು ಯಾಕೆ ಈಗ? ಉಗಿಯೋ ಅದನ್ನ."

"ನಾನು ಗೆದ್ದಿದ್ದು ನೀನು ಹೋದ್ಯಲ್ಲ, ಅದಕ್ಕಲ್ಲ. ಕಾಲಿಂದ ಗೆದ್ದೆ. ಆ ಕಾಲು ನೀನು ಕೊಟ್ಟಿದ್ದು. ಪಾಚಿ ಬಂಡೆ ಮೇಲೆ ಬುಟ್ಟಿ ಹೊತ್ಕೊಂಡು ಜಾರ್ದೇ ನಡೆಯೋಳು ನೀನು, ನಿನ್ನ ಹಿಂದೆ ನಡೆದು ಕಲ್ತಿದ್ದು. ಆ ಮಾತು ನಾನು ಆಡ್ಬಾರ್ದಾಗಿತ್ತು." ಅವನು ಇನ್ನೊಂದು ಚಮಚೆ ತೆಗೆದುಕೊಂಡ. ತಲೆ ಎತ್ತಲಿಲ್ಲ. "ಮುಂದಿನ ವಾರ ಆದ್ಮೇಲೆ ಓಡೋ ಹಾಗಿಲ್ವಂತೆ. ಯಾವತ್ತೂ. ಇವತ್ತೇ ಕೊನೆ."

ಜೊಮ್ನ್ಯೆಯ ಕೈ ಚೌಕಟ್ಟಿನ ಮೇಲೇ ನಿಂತಿತು. ಅವನು ಮುಗಿಸುವವರೆಗೂ ಅವ್ವ ಬಟ್ಟಲನ್ನೇ ನೋಡಿದಳು. ಅದರಲ್ಲಿ ಕೊನೆಯ ಎಳೆ ತಳಕ್ಕೆ ಅಂಟಿಕೊಂಡಿತ್ತು.

"ಉಪ್ಪು ಸರಿಯಾಗಿದೆಯಾ?" ಎಂದಳು.

"ಇದೆ."

"ಹಾಳಾಗಿ ಹೋಗು," ಎಂದು ಎದ್ದು, ಒಳಮನೆಗೆ ಹೋಗಿ ಬಾಗಿಲು ಎಳೆದುಕೊಂಡಳು.

ಊರಿನ ಚೌಕದಲ್ಲಿ ಬ್ಯಾನರ್, ಡೊಳ್ಳು, ಮೈಕು. ಬ್ಯಾನರಿನ ಮೇಲೆ ಅವನದೊಂದು ಹಳೆಯ ಫೋಟೋ, ಪಕ್ಕದಲ್ಲಿ ಅದಕ್ಕಿಂತ ದೊಡ್ಡದಾಗಿ ಅಧ್ಯಕ್ಷರ ಹೊಸ ಫೋಟೋ. ಯಾರು ಓಡಿ ಗೆದ್ದವರು, ಯಾರು ಓಡಾಡಿ ಗೆದ್ದವರು ಎಂದು ಹೊರಗಿನವರಿಗೆ ತಿಳಿಯುವ ಹಾಗಿರಲಿಲ್ಲ. ಮೆಂಗ್ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕ್ಯಾಮೆರಾದ ಕಡೆಗೆ ತಿರುಗಿಸಿ, "ಅಣ್ಣ, ನಿಧಾನಕ್ಕೆ ಹೋಗೋಣ. ನಂದು ಬೀಪಿ, ನಿಂದು ಮಂಡಿ. ಇಬ್ರೂ ಸೇರಿದ್ರೆ ಒಂದು ಆಸ್ಪತ್ರೆ," ಎಂದ. ಕೆಟ್ಟ ಮನುಷ್ಯನಲ್ಲ. ಪಿಸ್ತೂಲು ಢಮ್ಮೆಂದಿತು. ಬ್ಯಾನರ್ ದಾಟಿತು, ವ್ಯಾನು ಬಾಗಿಲು ತೆರೆದು ನಿಂತಿತ್ತು, ಮೆಂಗ್ ಏದುಸಿರು ಬಿಡುತ್ತ ಒಂದು ಕಾಲನ್ನು ಒಳಗಿಟ್ಟು, "ಬಾ ಅಣ್ಣ," ಎಂದು ಕೈ ಚಾಚಿದ. ಮಾನ್‌ಹೋ ಆ ಕೈಯನ್ನು ಮರ್ಯಾದೆಯಿಂದ ಕುಲುಕಿ, ಮುಂದೆ ಓಡಿದ.

ಮೊದಲು ನಾಚಿಕೆಯಾಯಿತು. ಬಣ್ಣದ ಬಟ್ಟೆಯ ಹುಡುಗರು, ಮಗುವಿನ ಗಾಡಿ ತಳ್ಳಿಕೊಂಡು ಓಡುವ ಹೆಂಗಸರು, ಯಾರ್ಯಾರೋ ಅವನನ್ನು ಹಿಂದೆ ಹಾಕಿ ಹೋಗುವಾಗ ತಿರುಗಿ ನೋಡಿ ನಕ್ಕು ಹೋಗುತ್ತಿದ್ದರು. "ತಾತ, ಶಭಾಶ್," ಎಂದ ಒಬ್ಬ. ತಾತ. ಈ ತಾತನ ಹೆಸರಿನ ಮೇಲೆಯೇ ಓಡುತ್ತಿದ್ದೀಯ ಮಗನೇ ಎನ್ನಬೇಕೆನ್ನಿಸಿತು. ಉಸಿರು ದುಬಾರಿಯಾದ್ದರಿಂದ ಸುಮ್ಮನಾದ. ಮಂಡಿ ಒಳಗಿನಿಂದ ಗರಗರ ಅನ್ನುತ್ತಿತ್ತು, ಬೀಸುವ ಕಲ್ಲಿನೊಳಗೆ ಮರಳು ಬಿದ್ದ ಹಾಗೆ. ಆದರೆ ಸುರಂಗ ದಾಟಿ ಎಡಕ್ಕೆ ಕಡಲು ತೆರೆದುಕೊಂಡದ್ದೇ ಮೈಗೆ ಏನೋ ನೆನಪಾಯಿತು. ಭುಜ ತಾನಾಗಿ ಇಳಿಯಿತು. ಮುಷ್ಟಿ ಸಡಿಲವಾಯಿತು, ಒಳಗೊಂದು ಮೊಟ್ಟೆ ಇದ್ದರೆ ಒಡೆಯಬಾರದು ಅನ್ನುವಷ್ಟು. ಹಿಮ್ಮಡಿಯಿಂದ ಹೆಬ್ಬೆರಳಿಗೆ ನೆಲ ಉರುಳತೊಡಗಿತು. ದೇಹಕ್ಕೆ ವಯಸ್ಸಾಗುತ್ತದೆ, ಅದು ಕಲಿತದ್ದಕ್ಕೆ ವಯಸ್ಸಾಗುವುದಿಲ್ಲ. ದೂರದ ದೇಶದ ಬಿಸಿಲಿನಲ್ಲಿ, ಮೊಣಕೈಯಿಂದ ರಕ್ತ ತೊಟ್ಟಿಕ್ಕುತ್ತ, ಮುಂದೆ ಓಡುವವರ ಮೂರು ಬೆನ್ನುಗಳನ್ನೇ ನೋಡುತ್ತ ಅವನು ಓಡಿದ್ದ. ಆವತ್ತು ಕ್ರೀಡಾಂಗಣದೊಳಗೆ ಬಂದಾಗ ಗೆದ್ದವನಿಗಿಂತ ಹೆಚ್ಚು ಚಪ್ಪಾಳೆ ಬಿದ್ದದ್ದು ಇವನಿಗೆ. ಆ ಚಪ್ಪಾಳೆಯನ್ನು ಅವನು ಯಾರಿಗೂ ಹೇಳಿಕೊಂಡಿರಲಿಲ್ಲ, ನಾಲ್ಕನೆಯವನು ಚಪ್ಪಾಳೆಯ ಮಾತಾಡಬಾರದು ಎಂದು. ಈಗ ಉಪ್ಪುಗಾಳಿಯಲ್ಲಿ ಅದು ಕಿವಿ ತುಂಬ ಕೇಳಿಸಿತು. ಹ್ಞಾ, ಓಡ್ತಿದ್ದೆ ಡಾಕ್ಟ್ರೇ. ಯಾಕೆ ಅಂದರೆ, ಹಿಂಗೆ ಓಡಲು ಬರುತ್ತಿತ್ತು, ಅದಕ್ಕೆ.

ಬಸ್‌ಸ್ಟಾಪಿನ ಕಂಬ ಬಂತು. ಪಕ್ಕದಲ್ಲಿ ಹಾದುಹೋಗುವಾಗ, ಯಾಕೆಂದು ತನಗೇ ತಿಳಿಯದೆ, ಕೈ ಚಾಚಿ ಸವರಿದ. ಅಂಗೈ ಅಂಟಿಕೊಂಡಿತು. ಬಿಡಿಸಿಕೊಂಡು ನೋಡಿದರೆ ಬೆರಳಿನ ತುಂಬ ಮಿಠಾಯಿಯ ಹೊಂಬಣ್ಣದ ಎಳೆ. ಹಳೆಯದಲ್ಲ. ಇನ್ನೂ ಮೆತ್ತಗಿತ್ತು, ಒಂದು ಇರುವೆಯೂ ಬಂದಿರಲಿಲ್ಲ.

ಒಳಮನೆಯ ಬಾಗಿಲು ತೆರೆದಿದೆ ಹಾಗಾದರೆ.

ತಿರುವು ದಾಟಿದರೆ ಅಂಗಳ. ಅಂಗಳದ ಮುಂದೆ, ಪಾಚಿ ನೀರು ಹರಿದು ಕಪ್ಪು ಪಟ್ಟೆ ಬಿದ್ದಿರುತ್ತಿದ್ದ ಜಾಗದಲ್ಲಿ, ರಸ್ತೆ ಬೆಳ್ಳಗೆ ಹೊಳೆಯುತ್ತಿತ್ತು. ಮರಳು. ಊರಿನ ಹೆಂಗಸರೆಲ್ಲ ಸಾಲಾಗಿ ನಿಂತು ದಂಡೆಯಿಂದ ಬೋಗುಣಿಗಳಲ್ಲಿ ಮರಳು ಸಾಗಿಸುತ್ತಿದ್ದರು. ಕೊನೆಯ ಬೋಗುಣಿ ಮುಟ್ಟುತ್ತಿದ್ದದ್ದು ಅವ್ವನ ಕೈಗೆ. ಅವಳು ರಸ್ತೆಯ ನಡುವೆ ಬಗ್ಗಿ, ಕಡುಬಿನ ಮೇಲೆ ಹಿಟ್ಟು ಉದುರಿಸುವ ಹಾಗೆ, ಮುಷ್ಟಿ ಮುಷ್ಟಿ ಉದುರಿಸುತ್ತಿದ್ದಳು. ಬೇರೆ ಓಟಗಾರರು ಅವಳನ್ನು ಬಳಸಿಕೊಂಡು ಹೋಗುತ್ತಿದ್ದರೆ, "ಅಂಚಲ್ಲಿ ಹೋಗ್ರೋ, ಇದು ನಿಮಗಲ್ಲ," ಎಂದು ಗದರುತ್ತಿದ್ದಳು.

"ಬಂದ ಕಣಕ್ಕ, ಬಂದ," ಎಂದಳು ಜೊಮ್ನ್ಯೆ.

ಅವ್ವ ನೆಟ್ಟಗಾಗಲಿಲ್ಲ. ಬಗ್ಗಿದವಳು ಬಗ್ಗಿದ ಹಾಗೇ ಪಕ್ಕಕ್ಕೆ ಸರಿದು, ಅವನ ಕಾಲುಗಳನ್ನೇ ನೋಡಿದಳು. ಮುಖ ನೋಡಲಿಲ್ಲ. ಬೂಟು ಮರಳಿನ ಮೇಲೆ ಕರಕರ ಅಂದಿತು. ಎಡ, ಬಲ. ಅವಳ ತುಟಿ ಅದರ ಜೊತೆಗೇ ಅಲುಗುತ್ತಿತ್ತು. ನಿಲ್ಲಬೇಕು ಎಂದುಕೊಂಡ, ಆದರೆ ನಿಲ್ಲುವುದನ್ನು ಆ ಕಾಲುಗಳಿಗೆ ಯಾರೂ ಕಲಿಸಿರಲಿಲ್ಲ, ಅವು ಮರಳನ್ನು ದಾಟಿ, ಅಂಗಳ ದಾಟಿ, ಮುಂದೆ ಹೋಗಿಬಿಟ್ಟವು.

"ಜಾರ್ಲಿಲ್ಲ," ಎಂದು ಹಿಂದೆ ಅವ್ವ ಹೇಳಿದ್ದು ಕೇಳಿಸಿತು. "ನೋಡಿದ್ರೇನ್ರೇ? ಪಾಚಿ ಸಾರು ಉಂಡು ಓಡಿದ. ಜಾರ್ಲಿಲ್ಲ ನನ್ನ ಮಗ." ಸ್ವಲ್ಪ ತಡೆದು, ಬೇರೆಯದೇ ದನಿಯಲ್ಲಿ: "ಲೋ ಮಾನ್‌ಹೋ."

ಅವನು ನಿಂತ.

"ಕಾಲು ನೋಡ್ತಾ ಇದ್ದೆ ಕಣೋ. ತಲೆ ಎತ್ತೋ ಹೊತ್ತಿಗೆ ಮತ್ತೆ ಬೆನ್ನೇ ಆಯ್ತಲ್ಲ." ಅವ್ವ ಬೋಗುಣಿಯನ್ನು ರಸ್ತೆಯ ಅಂಚಿಗೆ ಇಟ್ಟಳು. "ನೀನು ಓಡಿ ಹೋಗೋದು ಬೇಕಾದಷ್ಟು ನೋಡಿದೀನಿ. ಓಡಿ ಬರೋದು ನೋಡಿಲ್ಲ. ಬಾ ಈ ಕಡೆಗೆ."

ಅವನ ಓಟದ ಬಾಳಿನಲ್ಲಿ ಪಂದ್ಯದ ನಡುವೆ ಹಿಂದಕ್ಕೆ ಓಡಿದ್ದು ಇಲ್ಲ. ಅವನು ಇನ್ನಷ್ಟು ಮುಂದೆ, ಅಲೆ ತಡೆಯುವ ಗೋಡೆಯ ತನಕ ಹೋದ; ಹತ್ತಿರದಿಂದ ಓಡಿ ಬಂದರೆ ಅದು ಓಟ ಅನ್ನಿಸಿಕೊಳ್ಳುವುದಿಲ್ಲ. ಅಲ್ಲಿ ತಿರುಗಿ, ನಂಬರಿನ ಬಟ್ಟೆಯನ್ನು ಎದೆಗೆ ನೆಟ್ಟಗೆ ಮಾಡಿಕೊಂಡು, ಎದುರು ಬರುತ್ತಿದ್ದ ಓಟಗಾರರ ನಡುವೆ ದಾರಿ ಮಾಡಿಕೊಂಡು ಓಡತೊಡಗಿದ. ಅಧ್ಯಕ್ಷರ ವ್ಯಾನು ಆಗ ತಾನೇ ಅಂಗಳದ ಹತ್ತಿರ ಬಂದಿತ್ತು. ಅದರ ಮೈಕಿನಿಂದ ಬೊರಾಮಳ ದನಿ ಗಾಬರಿಯಾಗಿ ಊರಿಗೆಲ್ಲ ಕೇಳಿತು: "ಮೇಷ್ಟ್ರೇ, ಗುರಿ ಆ ಕಡೆ ಇದೆ. ಆ ಕಡೆ."

"ಅವನಿಗೆ ಗೊತ್ತು ಸುಮ್ನಿರಮ್ಮ," ಎಂದಳು ಅವ್ವ.

ರಬ್ಬರ್ ಕೈಗವಸು ಕಿತ್ತು ಜೊಮ್ನ್ಯೆಗೆ ಕೊಟ್ಟಳು. ಕೈಯನ್ನು ಮೂಸಿನೋಡಲಿಲ್ಲ. ಬರಿಗೈಯನ್ನು ಸೊಂಟದ ಮೇಲಿಟ್ಟುಕೊಂಡು, ತನ್ನ ಮಗನ ಹೆಸರಿನ ರಸ್ತೆಯ ನಟ್ಟನಡುವೆ, ಯಾರು ಬಂದರೂ ಸರಿಯುವುದಿಲ್ಲ ಅನ್ನುವ ಹಾಗೆ ನಿಂತಳು. ಅವನ ಮಂಡಿ ನೋಯುತ್ತಿತ್ತು. ಎಡದ್ದು. ಅದನ್ನು ಮುಚ್ಚಿಡುವ ಗೋಜಿಗೆ ಅವನು ಹೋಗಲಿಲ್ಲ. ಅವ್ವ ಈ ಸಲ ಕಾಲು ನೋಡುತ್ತಿರಲಿಲ್ಲ.